ಕಪ್ಪು ಬೆರೆತ ಕಡಲು

ಅಕ್ರಿಲಿಕ್ ಬಣ್ಣಕ್ಕೂ ಒಂದು ವಾಸನೆ ಇದೆ. ಹುಳಿ ಬಂದ ಗಂಜಿ ತೆಳಿಗೆ ಚೂರು ಫಿನಾಯಿಲ್ ಬಿದ್ದ ಹಾಗೆ. ನಿನ್ನೆ ಹೊಸ ಡಬ್ಬಿಯ ಮುಚ್ಚಳ ತೆರೆದಾಗ ಅದು ಮೂಗಿಗೆ ಬಡಿಯಿತು, ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ನೆನಪಾದರು.

ಸಾಸ್ತಾನದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೆಲಸ ಖಾಯಂ ಅಲ್ಲ. ಆಡಳಿತ ಮಂಡಳಿ ಮನಸ್ಸು ಮಾಡಿದರೆ ಮುಂದಿನ ವರ್ಷ ಉಂಟು, ಇಲ್ಲದಿದ್ದರೆ ಇಲ್ಲ. ಚಿತ್ರ ಬಿಡಿಸಲು ಕೈ ತುರಿಸುತ್ತಿದ್ದ ನಮ್ಮನ್ನು ಅವರು ವಾರಗಟ್ಟಲೆ ಒಂದೇ ನೀಲಿಯ ಮುಂದೆ ಕೂರಿಸಿದರು. ಬಿಳಿ ಬೆರೆಸುತ್ತ ತೆಳುವಿನ ಕಡೆಗೆ ಹತ್ತಬೇಕು, ಕಪ್ಪು ಬೆರೆಸುತ್ತ ಗಾಢದ ಕಡೆಗೆ ಇಳಿಯಬೇಕು. ತೆಳು ಬೇಕಾದರೆ ಬಿಳಿಗೆ ನೀಲಿ ಹಾಕಬೇಕೇ ಹೊರತು ನೀಲಿಗೆ ಬಿಳಿ ಸುರಿಯಬಾರದು. ಕಪ್ಪನ್ನಂತೂ ಬ್ರಶ್ಶಿನ ತುದಿಯಲ್ಲಷ್ಟೇ ತೆಗೆಯಬೇಕು. ನಾವೋ ಧಾರಾಳಿಗಳು, ಕಪ್ಪು ಸುರಿದು ನೀಲಿಯನ್ನು ಕೊಂದೇ ಹಾಕುತ್ತಿದ್ದೆವು. ಅವರು ಬೈಯುತ್ತಿರಲಿಲ್ಲ, ಮತ್ತೆ ಮಾಡಿಸುತ್ತಿದ್ದರು. ಬೈಗುಳವೇ ಎಷ್ಟೋ ವಾಸಿಯಿತ್ತು...

ವಾರ್ಷಿಕೋತ್ಸವಕ್ಕೆ ಗೇಟಿನ ಪಕ್ಕದ ಗೋಡೆಯ ಮೇಲೆ ಕಡಲಿನ ಚಿತ್ರ ಬರಲಿ ಎಂದು ಮಂಡಳಿ ಹೇಳಿತು. ನಮ್ಮದು ಮೀನುಗಾರರ ಮನೆ. ಟೀಚರ್ ನನ್ನನ್ನು ಕರೆದು ಕಡಲಿನ ಬಣ್ಣ ಯಾವುದು ಎಂದು ಕೇಳಿದರು. ದೋಣಿಗಳನ್ನೆಲ್ಲ ದಡಕ್ಕೆ ಎಳೆದಿಟ್ಟ ಮೇಲೆ ಮಳೆಗಾಲದಲ್ಲಿ ಅಬ್ಬರಿಸುವ ಕಡಲನ್ನೇ ನಾನು ಹೇಳಿದೆ. ನೀಲಿಗೆ ಕಪ್ಪು, ಕಪ್ಪಿಗೆ ಚೂರು ಮಣ್ಣಿನ ಬಣ್ಣ, ನೊರೆಗೆ ತೆಳು ಬೂದು, ಹಾಗೆಯೇ ಅಕ್ರಿಲಿಕ್‌ನಲ್ಲಿ ಬಳಿದೆವು. ಮೀನು ಮಾರಿ ಬರುತ್ತಿದ್ದ ಅಮ್ಮ ಬುಟ್ಟಿ ಇಳಿಸಿ ನಿಂತು ನೋಡಿ, ಇದು ನಮ್ಮ ಕಡಲೇ ಹೌದು ಎಂದಳು. ಅವತ್ತಿನ ನನ್ನ ಜಂಬ ಹೇಳತೀರದು.

ಮುನ್ನಾದಿನ ಮಂಡಳಿಯ ಅಧ್ಯಕ್ಷರು ಬಂದು ಮುಖ ಕಿವುಚಿದರು. ಮುಂಬೈಯಿಂದ ಬರುವ ದಾನಿಗಳೆದುರು ಇದೇನು ಅಪಶಕುನ, ಮೇಲೆ ಆಕಾಶನೀಲಿ ಬಳಿಯಿರಿ, ಇಲ್ಲವಾದರೆ ಬರುವ ವರ್ಷ ನೀವು ಬರುವುದೇ ಬೇಡ ಎಂದರು. ಟೀಚರ್ ಬಣ್ಣದ ಕೈಯನ್ನು ಸೆರಗಿಗೇ ಒರೆಸಿಕೊಂಡರು.

“ಮಳಿಗಾಲದಗೆ ಕಡ್ಲ್ ನೀಲಿ ಇರತ್ತಾ? ಮಳಿ ಹಿಡ್ದ್ ಮೇಲೆ ಹೋಯ್ ಕಂಡ್ಕಂಡ್ ಬನ್ನಿ. ನೀಲಿ ಕಂಡ್ರೆ ಈ ಚಿತ್ರ ನಾನೇ ಅಳ್ಸ್ತೆ.”

ಮಳೆಗಾಲದ ತನಕ ಕಾಯುವವರು ಯಾರೂ ಇರಲಿಲ್ಲ. ಸಂಜೆಯೊಳಗೆ ಹೊರಗಿನ ಪೇಂಟರ್ ಬಂದು ಅಗ್ಗದ ಡಿಸ್ಟೆಂಪರ್ ಬಳಿದ. ಟೀಚರನ್ನು ಮರುವರ್ಷ ಕರೆಯಲಿಲ್ಲ. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

ಜೂನ್ ತಿಂಗಳ ಮಳೆ ಹಿಡಿಯಿತು ನೋಡಿ, ಆಕಾಶನೀಲಿ ಗೋಡೆಯಿಂದ ಇಳಿದು ಚರಂಡಿ ಸೇರಿತು. ಒಮ್ಮೆ ಒಣಗಿದ ಅಕ್ರಿಲಿಕ್ ನೀರಿಗೆ ಜಗ್ಗುವುದಿಲ್ಲ. ಅಡಿಯಲ್ಲಿದ್ದ ನಮ್ಮ ಕಡಲು ಹಾಗೆಯೇ ಎದ್ದು ಬಂತು. ಅಧ್ಯಕ್ಷರು ಮತ್ತೆ ಬಳಿಸಿದರು, ಮಳೆ ಮತ್ತೆ ತೊಳೆಯಿತು. ಸುದ್ದಿ ಮುಟ್ಟಿ ಟೀಚರ್ ಒಂದು ದಿನ ಬಸ್ಸಿಳಿದು ಗೇಟಿನ ಹೊರಗೆ ಕೊಡೆ ಹಿಡಿದು ನಿಂತರು. ನಾನು ತರಗತಿಯಿಂದ ಓಡಿದೆ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

“ಕಂಡ್ಯಾ ಹೆಣ್ಣೆ, ಮಳಿ ಯಾರ್ ಮಾತೂ ಕೇಣುದಿಲ್ಲ,” ಎಂದರು. ಆಮೇಲೆ, ನೊರೆಗೆ ಬಿಳಿ ಸ್ವಲ್ಪ ಜಾಸ್ತಿಯಾಯಿತು ಎಂದು ಅಲ್ಲೂ ತಪ್ಪು ಹುಡುಕಿದರು.

ಹೆದ್ದಾರಿ ಅಗಲವಾದಾಗ ಆ ಗೋಡೆ ಹೋಯಿತು. ಈ ಬೇಸಿಗೆಯಲ್ಲಿ ಟೀಚರೂ ಹೋದರು. ಗೋಡೆ ಚಿತ್ರ ಈಗ ನನ್ನ ಕಸುಬು. ಬೈಂದೂರಿನ ಹತ್ತಿರ ಒಂದು ರೆಸಾರ್ಟಿನವರು ಮೊನ್ನೆ ಕರೆದು ಕಡಲು ಬರೆಯಲು ಹೇಳಿದರು. ಫೋಟೋ ತೆಗೆಸಿಕೊಳ್ಳಲು ಚೆಂದದ ನೀಲಿಯೇ ಬೇಕಂತೆ. ಹಾಗಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೊರಟೆ. ಗೇಟಿನ ತನಕ ಬಂದು, ನಿಮ್ಮಿಷ್ಟದಂತೆ ಮಾಡಿ ಎಂದರು. ನಾಳೆ ಶುರು. ಟೀಚರ್ ಇಲ್ಲವಾದ ಮೇಲೆ ನಾನು ಬರೆಯುವ ಮೊದಲ ಕಡಲು ಇದು. ಸರಿಯಾಯಿತೋ ಇಲ್ಲವೋ ಎಂದು ಯಾರನ್ನು ಕೇಳಲಿ... ಏನೇ ಆಗಲಿ, ಬರೀ ನೀಲಿಯಂತೂ ಬಳಿಯುವುದಿಲ್ಲ.