ಅಕ್ಕನಿಗೆಂದು ಮಾಡಿದ ಅಲಸಂಡೆ ಬರ್ಗರ್

ಆಪರೇಷನ್ ಆದ ಮೇಲೆ ನನ್ನ ಅಕ್ಕನ ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. ಎಡಗೆನ್ನೆಯ ಒಳಗಿನ ಕ್ಯಾನ್ಸರನ್ನು ಮಂಗಳೂರಿನಲ್ಲಿ ಕತ್ತರಿಸಿ ತೆಗೆದಿದ್ದರು. ರೇಡಿಯೇಷನ್ ಮುಗಿಯುವಾಗ ದವಡೆ ಬಿಗಿದುಕೊಂಡಿತ್ತು. ಅದು ಸಡಿಲವಾಗಲೆಂದು ಅವಳು ದಿನಕ್ಕೆ ನಾಲ್ಕು ಸಲ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತುರುಕಿಕೊಂಡು ಕೂರಬೇಕಿತ್ತು. ಮೊದಲ ವಾರ ಹೋದದ್ದು ಆರು ಕಡ್ಡಿ. ಏಳನೆಯದನ್ನು ನೂಕುವಾಗ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಅಕ್ಕ ಮದುವೆಯಾಗಿರಲಿಲ್ಲ. ಸುಳ್ಯ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಕಾಯಿಲೆಯಾದ ಮೇಲೆ ಅದನ್ನು ಮುಚ್ಚಿ ಆಲೆಟ್ಟಿಯ ನಮ್ಮ ಮನೆಗೆ ಬಂದಳು. ಗಂಜಿ, ರಾಗಿ ಮಣ್ಣಿ, ಮತ್ತೆ ಗಂಜಿ. ಒಂದು ಬೆಳಿಗ್ಗೆ ಲೋಟವನ್ನು ಪಕ್ಕಕ್ಕೆ ತಳ್ಳಿ, "ನಂಗೆ ಬರ್ಗರ್ ಬೇಕು ಮಾರಾಯ್ತಿ," ಎಂದಳು. ಅಂಗಡಿಯ ಕೆಳಗಿನ ಬೇಕರಿಯಲ್ಲಿ ಶನಿವಾರ ಶನಿವಾರ ತಿನ್ನುತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ.

ಬೇಕರಿಯದ್ದು ದಪ್ಪ, ಖಾರ ಬೇರೆ. ಒಂದು ಚೂರು ಮೆಣಸು ತಾಗಿದರೂ ಅವಳ ಬಾಯಿ ಉರಿಯುತ್ತಿತ್ತು. ಹಾಗಾಗಿ ನಾನೇ ಮಾಡಿದೆ. ಅಲಸಂಡೆ ಬೀಜ ನೆನೆಸಿ ಬೇಯಿಸಿದೆ, ಕುಚ್ಚಲಕ್ಕಿ ಅನ್ನದ ಜೊತೆ ಹಿಸುಕಿದೆ, ತಟ್ಟಿ ಕಾವಲಿಗೆ ಹಾಕಿದೆ. ತಿರುಗಿಸುವಾಗ ಎಲ್ಲ ಪುಡಿಯಾಯಿತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನೀರು ಜಾಸ್ತಿಯಾಗಿದೆ. ಬೀಜ ಬಸಿದು ಬಟ್ಟೆಯಲ್ಲಿ ಹರಡು. ಆಮೇಲೆ ರಾಗಿ ಹಿಟ್ಟು ಹಾಕು, ಹಿಡೀತದೆ."

ಮಾತು ತೊದಲುತ್ತಿತ್ತು, ಆದರೆ ಹೇಳಿದ್ದು ಸರಿ. ಎರಡನೆಯ ದಿನ ಗಟ್ಟಿಯಾಯಿತು, ಅವಳಿಗೆ ಅಗಿಯಲಾಗದಷ್ಟು. ಮೂರನೆಯ ದಿನ ಹದ ಸಿಕ್ಕಿತು. ಅಷ್ಟರಲ್ಲಿ ಅವಳ ಕಡ್ಡಿ ಹನ್ನೊಂದಕ್ಕೆ ಏರಿತ್ತು. ಬನ್ನನ್ನು ತೆಳ್ಳಗೆ ಕೊಯ್ದು, ನಡುವೆ ಅಲಸಂಡೆಯ ಬಿಲ್ಲೆ ಇಟ್ಟು, ಅಂಗೈಯಲ್ಲಿ ಒತ್ತಿ, ಕಡ್ಡಿಗಳ ಪಕ್ಕ ಹಿಡಿದು ಅಳೆದೆ.

ಅವಳು ಕಚ್ಚಿದಳು. ಒಂದು ತುತ್ತು ಒಳಗೆ ಹೋಯಿತು. ಆದರೆ ರೇಡಿಯೇಷನ್ ಆದ ಮೇಲೆ ಜೊಲ್ಲೇ ಇಲ್ಲದ ಬಾಯಿ. ಬನ್ನು ಅಂಗುಳಕ್ಕೆ ಅಂಟಿತು. ಬೆರಳು ಹಾಕಿ ತೆಗೆಯಲು ಹೋಗಿ ಕೆಮ್ಮು ಹತ್ತಿತು, ಮುಖ ಕಪ್ಪಿಟ್ಟಿತು. ನಾನು ಬೆನ್ನು ಬಡಿದೆ. ಎಲ್ಲ ಬಟ್ಟಲಿಗೆ ಉಗುಳಿದಳು. ಆಮೇಲೆ ಇನ್ನೊಂದು ಬರ್ಗರನ್ನು ನನ್ನ ಕಡೆ ನೂಕಿದಳು.

"ನೀನು ತಿನ್ನು. ನಾನು ನೋಡ್ತೇನೆ."

"ನಂಗೆ ಬೇಡ ಅಕ್ಕ."

"ತಿನ್ನು. ಬಾಯಿ ದೊಡ್ಡದು ಮಾಡಿ ತಿನ್ನು."

ನಾನು ಬಾಯಿ ಅಗಲಿಸಿದೆ. ಕಚ್ಚುವ ಮೊದಲೇ ಅವಳ ಕೈ ನನ್ನ ಗಲ್ಲ ಹಿಡಿಯಿತು.

"ಮುಚ್ಚಬೇಡ. ಒಳಗೆ ಎಂತ ಅದು ಬಿಳಿ?"

ಹೇಳಲು ನಾಚಿಕೆಯಾಗುತ್ತದೆ. ಎಲೆಅಡಿಕೆ, ಹೊಗೆಸೊಪ್ಪು ನಾವಿಬ್ಬರೂ ಹುಡುಗಿಯರಾಗಿದ್ದಾಗಲೇ ಕಲಿತದ್ದು. ಅವಳಿಗೆ ಹೀಗಾದ ಮೇಲೂ ನಾನು ಬಿಟ್ಟಿರಲಿಲ್ಲ. ಅವಳಿಗೆ ಮಣ್ಣಿ ಕುಡಿಸಿ ಮಲಗಿಸಿ, ದನದ ಹಟ್ಟಿಯ ಹಿಂದೆ ಹೋಗಿ ಜಗಿದು, ಬಾಯಿ ತೊಳೆದು ಬರುತ್ತಿದ್ದೆ. "ಊಟದ್ದು ಏನೋ ಅಂಟಿರಬೇಕು," ಎಂದೆ. ಅವಳು ಮೊಬೈಲಿನ ಟಾರ್ಚ್ ಹಾಕಿ, ಬೆರಳು ಇಟ್ಟು ಉಜ್ಜಿ ನೋಡಿದಳು. ಹೋಗಲಿಲ್ಲ.

"ಇನ್ನೂ ತಿಂತಾ ಇದ್ದೀಯಾ?"

ಅವಳು ಬೈಯಲಿಲ್ಲ. "ನಂದೂ ಹೀಗೇ ಶುರುವಾದದ್ದು. ಒಂದು ವರ್ಷ ಯಾರಿಗೂ ತೋರಿಸಲಿಲ್ಲ. ನಾಳೆ ಹೋಗುವ, ನಾನೂ ಬರ್ತೇನೆ," ಎಂದಳು.

ಸುಳ್ಯದ ಹಲ್ಲಿನ ಡಾಕ್ಟರು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಆಗಿರಲಿಲ್ಲ, ಆಗುವ ದಾರಿಯಲ್ಲಿತ್ತು. ಬಿಳಿ ಭಾಗವನ್ನು ಪೂರ್ತಿ ತೆಗೆದರು. ನಾಲ್ಕು ಹೊಲಿಗೆ. ಎರಡು ವಾರ ನಾನೂ ಗಂಜಿ ಕುಡಿದೆ, ಅವಳ ಎದುರು ಕೂತು.

ನನ್ನ ಗಾಯ ಒಣಗಿ ತಿಂಗಳಾಗುವಾಗ ಅಕ್ಕನ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ಇನ್ನೊಮ್ಮೆ ಆಪರೇಷನ್ ಮಾಡುವ ಹಾಗಿಲ್ಲ ಎಂದರು. ಕಡ್ಡಿಗಳು ಕಡಿಮೆಯಾಗುತ್ತಾ ಬಂದವು, ಕೊನೆಗೆ ಒಂದೂ ಹೋಗದಾಯಿತು. ಮೂಗಿಗೆ ನಳಿಗೆ ಹಾಕಿದರು. ಮಾತು ನಿಂತಿತು. ಹಾಗಿದ್ದೂ ಬೆಳಿಗ್ಗೆ ನಾನು ಹತ್ತಿರ ಹೋದರೆ, ಬಾಯಿ ತೆರೆ ಎಂದು ಕೈಸನ್ನೆ ಮಾಡುತ್ತಿದ್ದಳು. ತೆರೆದು ತೋರಿಸುತ್ತಿದ್ದೆ. ನನಗೆ ಆಗ ಅವಳ ಕಣ್ಣು ನೋಡಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಹೋದಳು.

ಅವಳ ಉತ್ತರಕ್ರಿಯೆಯ ಬೊಜ್ಜದ ದಿನ ಊಟವಾದ ಮೇಲೆ ಹರಿವಾಣದಲ್ಲಿ ಎಲೆಅಡಿಕೆ ಬಂತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಪಕ್ಕದಲ್ಲಿದ್ದ ಚಿಕ್ಕಮ್ಮ, "ಒಂದು ಹೋಳು ಅಡಿಕೆಗೆ ಎಂತ ಆಗ್ತದೆ, ತಕೊ," ಎಂದು ಹರಿವಾಣವನ್ನು ಇನ್ನಷ್ಟು ಹತ್ತಿರ ಸರಿಸಿದರು. ನಾನು ಎದ್ದು ಅಂಗಳಕ್ಕೆ ಹೋಗಿ, ಎಂಜಲೆಲೆ ಎತ್ತುವವರ ಜೊತೆ ಸೇರಿಕೊಂಡೆ.