ಮರಿಗೆಯ ನೀರು

ನಾಯಿಯ ನೀರಿನ ಬಟ್ಟಲನ್ನು ಎರಡು ದಿನ ಉಜ್ಜದೆ ಬಿಟ್ಟರೆ ಒಳಮೈಗೆ ಲೋಳೆ ಕಟ್ಟಿ ಒಂದು ವಾಸನೆ ಬರುತ್ತದೆ. ನಮ್ಮ ಶಕ್ತಿನಗರದ ಮನೆಯಲ್ಲಿ ಆ ವಾಸನೆ ಬರಲು ನಾನು ಬಿಟ್ಟವಳಲ್ಲ. ಆ ಬೆಳಿಗ್ಗೆಯೂ ತೆಂಗಿನ ನಾರು ಹಿಡಿದು ಉಜ್ಜುತ್ತಿದ್ದಾಗ ದೊಡ್ಡಮ್ಮನ ಮಗಳು ಶಾರದಕ್ಕ ಫೋನು ಮಾಡಿದಳು. “ಅಮ್ಮ ಹೋದರು.” ದೊಡ್ಡಮ್ಮ ತೀರಿಹೋದರೆಂದು ಕೇಳಿಯೂ ನನಗೆ ಅಳು ಬರಲಿಲ್ಲ. ದೇವರ ಮುಂದೆ ಹೇಳದ ಸುಳ್ಳನ್ನು ನಿಮ್ಮ ಮುಂದೆಯೂ ಹೇಳುವುದಿಲ್ಲ.

ಬೈಕಂಪಾಡಿಯ ಕಡಲ ಬದಿಯಲ್ಲಿದ್ದ ನಮ್ಮ ಮನೆಯಲ್ಲಿ ಅಮ್ಮ, ಅವಳ ಅಕ್ಕನಾದ ದೊಡ್ಡಮ್ಮ, ನಾವು ಮಕ್ಕಳು ಒಟ್ಟಿಗೆ ಇದ್ದೆವು. ಹಿಂಬದಿಯ ಹಂಚಿನ ಮಾಡಿನ ಕೆಳಗೆ ಉಪ್ಪುಮೀನಿನ ಭರಣಿಗಳು. ಅಂಥ ಮನೆಯಲ್ಲಿ ಬೆಳೆದಿದ್ದರೆ ನಿಮಗೂ ಗೊತ್ತಿರುತ್ತದೆ, ಅಲ್ಲಿ ಏನನ್ನೂ ಬಿಸಾಡುವುದಿಲ್ಲ. ಮೀನು ತೆಗೆದ ಮೇಲೆ ಉಳಿಯುವ ಕಂದು ಉಪ್ಪುನೀರು ಕೂಡ ತೆಂಗಿನ ಬುಡಕ್ಕೆ. ನಾಯಿ ಬೊಗ್ಗು ಮಾತ್ರ ನನ್ನದು. ಶಾಲೆಗೆ ಹೊರಡುವ ಮೊದಲು ಅದರ ಮರದ ಮರಿಗೆಯನ್ನು ತೊಳೆದು, ಬಾವಿಯಿಂದ ತಣ್ಣನೆಯ ನೀರು ಸೇದಿ ತುಂಬಿಸುತ್ತಿದ್ದೆ. ಅಮ್ಮ ಕುಡಿಯುವ ನೀರಿನ ಕೊಡಕ್ಕೆ ಹಾಕುವಂತೆ ನಾನೂ ಅದಕ್ಕೆ ಒಂದು ತುಳಸಿ ಎಲೆ ಹಾಕುತ್ತಿದ್ದೆ. “ನಾಯಿಗೆ ತೀರ್ಥ ಕೊಡುವ ಭಟ್ಟರು ಬಂದ್ರು ನೋಡಿ,” ಎಂದು ದೊಡ್ಡಮ್ಮ ಮೂದಲಿಸುತ್ತಿದ್ದರು.

ಪರೀಕ್ಷೆಯ ದಿನಗಳ ಸುಡು ಬಿಸಿಲು. ಒಂದು ಸಂಜೆ ಶಾಲೆಯಿಂದ ಬಂದಾಗ ಬೊಗ್ಗು ಬಾಯಲ್ಲಿ ನೊರೆ ಸುರಿಸುತ್ತಾ, ಕಾಲು ಸೆಟೆದು ನಡುಗುತ್ತಿತ್ತು. ಮರಿಗೆಯ ತಳದಲ್ಲಿದ್ದದ್ದು ಭರಣಿಯ ಉಪ್ಪುನೀರು. ಮೀನಿನ ವಾಸನೆಗೆ, ಬಾಯಾರಿಕೆಗೆ, ಅದು ಕುಡಿದುಬಿಟ್ಟಿತ್ತು. ದೇವರಿಗೆ ದೀಪ ಹಚ್ಚುವ ಮೊದಲೇ ಸತ್ತಿತು. “ಮರಿಗೆ ಒಣಗಿ ಬಿದ್ದಿತ್ತು, ಅದಕ್ಕೇ ತೆಂಗಿಗೆ ಹಾಕುವ ಉಪ್ಪುನೀರನ್ನು ಅದರಲ್ಲಿ ಹೊಯ್ದಿಟ್ಟೆ. ನೀರು ಇಡ್ಲಿಕ್ಕೆ ಮರೆತವಳು ಈಗ ಅತ್ತು ಎಂತ ಮಾಡ್ಲಿಕ್ಕುಂಟು?” ಎಂದರು ದೊಡ್ಡಮ್ಮ, ಅಂಗಳದಲ್ಲಿ ಎಲ್ಲರೂ ಕೇಳುವ ಹಾಗೆ. ಮರಿಗೆಯ ಪಕ್ಕದ ಮರಳಿನಲ್ಲಿ, ಬೆಳಿಗ್ಗೆ ನಾನು ನೀರಿಗೆ ಹಾಕಿದ್ದ ತುಳಸಿ ಎಲೆ ಬಾಡಿ ಅಂಟಿಕೊಂಡಿತ್ತು. ಎತ್ತಿ ಅಮ್ಮನಿಗೆ ತೋರಿಸಿದೆ. ಅಮ್ಮ ನೋಡಿದಳು, ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿದಳು. “ದೊಡ್ಡವರ ಎದುರು ಮಾತಾಡಬಾರದು ಮಗಾ.” ಆಮೇಲೆ ಮದುವೆಯೇ ಇರಲಿ, ಭೂತದ ಕೋಲವೇ ಇರಲಿ, ಊಟದ ಪಂಕ್ತಿಯಲ್ಲಿ ದೊಡ್ಡಮ್ಮ ನನ್ನನ್ನು ತೋರಿಸಿ ಅದೇ ಕಥೆ ಹೇಳಿ ನಗಿಸುತ್ತಿದ್ದರು.

ಫೋನಿನಲ್ಲಿ ಶಾರದಕ್ಕ ಮೂಗು ಸೀಟಿಕೊಂಡು, “ಎಂತ ಮಾಡ್ತಿದ್ದಿ?” ಎಂದು ಕೇಳಿದಳು.

“ನಾಯಿಯ ಬಟ್ಟಲು ತೊಳೀತಿದ್ದೆ.”

“ಈಗಲಾದ್ರೂ ನೀರು ಇಡ್ಲಿಕ್ಕೆ ಕಲ್ತೆಯಲ್ಲ ಮಾರಾಯ್ತಿ.”

“ಆ ದಿನವೂ ಇಟ್ಟಿದ್ದೆ ಅಕ್ಕ. ಚೆಲ್ಲಿದ್ದು ನಿನ್ನ ಅಮ್ಮ.”

“ಹೆಣ ಇನ್ನೂ ಚಾವಡಿಯಲ್ಲಿ ಉಂಟು, ನಿನಗೆ ನಾಯಿಯದ್ದಾ?” ಎಂದವಳೇ ಫೋನು ಇಟ್ಟಳು.

ಬೈಕಂಪಾಡಿಯ ಆ ಮನೆ ಇದ್ದಲ್ಲಿ ಈಗ ಗೋದಾಮು. ಭರಣಿಗಳಿಲ್ಲ, ಬಾವಿಯಿಲ್ಲ. ಬೊಗ್ಗುವನ್ನು ಹೂತ ತೆಂಗಿನ ಬುಡವೂ ಕಾಂಕ್ರೀಟಿನ ಅಡಿಗೆ ಹೋಯಿತು. ಎಲೆಯನ್ನು ಕಂಡ ಅಮ್ಮನೂ ಇಲ್ಲ. ಆದರೂ ಅವಳು ಕಂಡಿದ್ದಳು. ಅಷ್ಟನ್ನು ದೇವರು ನನಗೆ ಉಳಿಸಿದ. ದೊಡ್ಡಮ್ಮನಿಗೆ ಸದ್ಗತಿ ಕೊಡು ಎಂದು ಕೇಳಲು ಕೈ ಮುಗಿದೆ, ಕೇಳಲಾಗದೆ ಕೈ ಇಳಿಸಿದೆ. ಬಟ್ಟಲಿಗೆ ಹೊಸ ನೀರು ತುಂಬಿಸಿ ಒಂದು ತುಳಸಿ ಎಲೆ ಬಿಟ್ಟೆ. ನಾಯಿ ಕುಡಿಯುವ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ನಿಂತೆ. ಒಳಗೆ ಒಲೆಯ ಮೇಲೆ ಕುಚ್ಚಲಕ್ಕಿ ಉಕ್ಕುತ್ತಿತ್ತು. ಗಂಜಿ ಬಸಿಯಲು ಹೋದೆ.