ಚಿಕ್ಕಬೈರಪ್ಪನ ಮೂಗು

ಮಾಕಳಿಯಲ್ಲಿ ನನ್ನ ಲೇತ್ ಅಂಗಡಿಗೂ ಚಿಕ್ಕಬೈರಪ್ಪನ ವೆಲ್ಡಿಂಗ್ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ತಗಡು. ಅವನು ಕೆಮ್ಮಿದರೆ ನನಗೆ ಕೇಳಿಸುತ್ತಿತ್ತು. ಹಾಗಾಗಿ ನನಗೇನೂ ಗೊತ್ತಿರಲಿಲ್ಲ ಎಂದು ಯಾರ ಮುಂದೆಯೂ ಹೇಳುವಂತಿಲ್ಲ.

ಜೀಪುಗಳಿಗೆ ಎರಡನೇ ಡೀಸೆಲ್ ಟ್ಯಾಂಕ್ ಕೂರಿಸುವುದು ಅವನ ಕೆಲಸ. ವೈಟ್‌ಫೀಲ್ಡಿನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ ಪ್ರತಿ ಶನಿವಾರ ಗಿರಾಕಿಗಳು ಬರುತ್ತಿದ್ದರು. ವಾರವಿಡೀ ಏಸಿಯಲ್ಲಿ ಕೂತವರಿಗೆ ರಜಾ ದಿನ ಕಲ್ಲು, ಕೆಸರಿನ ಮೇಲೆ ಜೀಪು ಹತ್ತಿಸುವ ಹುಚ್ಚು. ಬಂಕೇ ಇಲ್ಲದ ಕಾಡುದಾರಿಗೆ ಇನ್ನೊಂದು ನಲವತ್ತು ಲೀಟರ್ ಬೇಕು. ಚಿಕ್ಕಬೈರಪ್ಪ ಗುಜರಿಯಿಂದ ಹಳೇ ಟ್ಯಾಂಕ್ ತಂದು, ಕೊಯ್ದು, ಸೀಟಿನ ಕೆಳಗೆ ಹಿಡಿಸುವಂತೆ ಬೆಸೆದು ಕೊಡುತ್ತಿದ್ದ.

ಹಳೇ ಟ್ಯಾಂಕಿಗೆ ಬೆಂಕಿ ತೋರಿಸುವುದು ಹುಡುಗಾಟವಲ್ಲ. ಒಳಗೆ ಉಳಿದ ಆವಿಗೆ ಕಿಡಿ ತಗುಲಿದರೆ ಟ್ಯಾಂಕೇ ಸಿಡಿಯುತ್ತದೆ. ಅದಕ್ಕೇ ಪೀಣ್ಯದ ಕಡೆಯ ವೆಲ್ಡರ್‌ಗಳೆಲ್ಲ ಮೊದಲು ಟ್ಯಾಂಕಿಗೆ ನೀರು ತುಂಬಿಸಿಕೊಳ್ಳುತ್ತಾರೆ. ಈ ಪುಣ್ಯಾತ್ಮ ಮಾತ್ರ ಒಲ್ಲ. ‘ನೀರ್ ಬಿದ್ರೆ ಒಳ್ಗೆ ತುಕ್ಕು ಇಡೀತದೆ ಪಾಪಣ್ಣ. ತುಕ್ಕು ಪಂಪಿಗೋದ್ರೆ ಇಂಜಿನ್ ಕತೆ ಮುಗೀತು. ನನ್ ಟ್ಯಾಂಕ್ ಕೂತ ಗಾಡಿ ಐದ್ ಲಕ್ಷ ಕಿಲೋಮೀಟರ್ ಓಡ್ಬೇಕು’ ಎನ್ನುತ್ತಿದ್ದ.

ಟ್ಯಾಂಕಿನ ಬಾಯಿ ತೆರೆದು ಮೂರು ದಿನ ಬಿಸಿಲಿಗಿಟ್ಟು, ಗಾಳಿ ಹೊಡೆದು, ಕೊನೆಗೆ ಮೂಗಿಟ್ಟು ನೋಡುತ್ತಿದ್ದ. ವಾಸನೆ ಇದ್ದರೆ ಇನ್ನೊಂದು ದಿನ ಬಿಸಿಲು, ಇಲ್ಲದಿದ್ದರೆ ಬೆಸುಗೆಯ ಗ್ಯಾಸ್ ಟಾರ್ಚ್. ಇಪ್ಪತ್ತು ವರ್ಷ ಆ ಮೂಗು ತಪ್ಪಿರಲಿಲ್ಲ. ಕಂಡವರ ಇಂಜಿನ್ನಿನ ಆಯಸ್ಸಿನ ಮೇಲಿದ್ದ ಕಾಳಜಿ ತನ್ನ ಆಯಸ್ಸಿನ ಮೇಲೆ ಇರಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

೨೦೧೧ರ ಯುಗಾದಿ ಕಳೆದ ವಾರ ಅವನ ಹೆಂಡತಿ ರಾಮಕ್ಕ ನನ್ನ ಅಂಗಡಿ ಬಾಗಿಲಿಗೆ ಬಂದಳು. ‘ಅಣ್ಣ, ಇವ್ರಿಗೆ ವಾಸ್ನೆ ತಿಳೀತಿಲ್ಲ. ಒಲೆ ಮ್ಯಾಲೆ ಆಲು ಉಕ್ಕಿ ಸೀದೋಯ್ತು, ಪಕ್ಕದಲ್ಲೇ ಕುಂತಿದ್ರು. ನೀವೊಂದ್ ಮಾತು ಏಳಿ.’

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವನ ಟ್ಯಾಂಕುಗಳ ಮುಚ್ಚಳ, ಪೈಪಿನ ತುದಿ ಎಲ್ಲ ತಯಾರಾಗುತ್ತಿದ್ದದ್ದು ನನ್ನ ಲೇತಿನಲ್ಲಿ. ಅವನು ಈ ಕೆಲಸ ಬಿಟ್ಟರೆ ನನ್ನ ಅಂಗಡಿಗೂ ಬೀಗವೇ. ಹೇಡಿ ನಾನು. ತಗಡಿನ ಆಚೆ ಅವನು ಟಾರ್ಚ್ ಎತ್ತುವ ಹೊತ್ತಿಗೆ ಟೀ ಕುಡಿಯುವ ನೆಪದಲ್ಲಿ ರಸ್ತೆ ದಾಟಿಬಿಡುತ್ತಿದ್ದೆ.

ಜೂನ್‌ನಲ್ಲಿ ನರೇಶ್ ಎಂಬ ಗಿರಾಕಿ ತಾನೇ ಎಲ್ಲಿಂದಲೋ ಒಂದು ಟ್ಯಾಂಕ್ ತಂದ. ಅದು ಪೆಟ್ರೋಲ್ ಜೀಪಿನದೆಂದು ಅವನು ಹೇಳಲೂ ಇಲ್ಲ, ಇವನು ಕೇಳಲೂ ಇಲ್ಲ. ಮೂರು ದಿನವೂ ಮೋಡ. ನಾಲ್ಕನೇ ದಿನ ಮಧ್ಯಾಹ್ನ ಚಿಕ್ಕಬೈರಪ್ಪ ಟ್ಯಾಂಕಿನ ಬಾಯಿಗೆ ಮೂಗಿಟ್ಟು, ‘ಏನಿಲ್ಲ’ ಎಂದು ಟಾರ್ಚ್ ಎತ್ತಿದ. ಊಟದ ಡಬ್ಬಿ ತಂದ ರಾಮಕ್ಕ ಬಾಗಿಲಲ್ಲೇ ನಿಂತಳು.

‘ಪೆಟ್ರೋಲ್ ವಾಸ್ನೆ ಬತ್ತಾ ಐತೆ’ ಎಂದಳು.

ರಸ್ತೆಗೆ ಹೊರಟಿದ್ದ ನನಗೂ ಬಂತು. ಓಡಿ ಹೋಗಿ ಅವನ ಕೈಯಿಂದ ಟಾರ್ಚ್ ಹೊತ್ತಿಸುವ ಲೈಟರ್ ಕಿತ್ತುಕೊಂಡೆ. ‘ನಿನ್ ಮೂಗು ಹೋಗಿದೆ ಕಣೋ. ಯುಗಾದಿಯಿಂದ ನಮ್ಗೆ ಗೊತ್ತು’ ಎಂದೆ.

‘ನಂಗೆ ಶಿವರಾತ್ರಿಯಿಂದ್ಲೇ ಗೊತ್ತು’ ಎಂದ.

ಅಲ್ಲಿಂದೀಚೆಗೆ ಹದಿನೇಳು ಟ್ಯಾಂಕ್ ಬೆಸೆದಿದ್ದ. ಹದಿನೇಳು ಸಲವೂ ನೋಡುವವರಿಗಾಗಿ ಮೂಗಿಟ್ಟು, ಕಣ್ಣು ಮುಚ್ಚಿ ಬೆಂಕಿ ತೋರಿಸಿದ್ದ. ಇನ್ನು ಮೇಲಾದರೂ ನೀರು ತುಂಬಿಸೋ ಎಂದು ಗೋಗರೆದೆ. ‘ತುಕ್ಕು ಇಡೀತದೆ’ ಎಂದು ಊಟಕ್ಕೆ ಕೂತ.

ಮಾರನೇ ದಿನದಿಂದ ಟ್ಯಾಂಕಿನ ಬಾಯಿಗೆ ರಾಮಕ್ಕ ಮೂಗಿಡತೊಡಗಿದಳು. ಹೂಂ ಎಂದ ಮೇಲೂ ಮನೆಗೆ ಹೋಗುತ್ತಿರಲಿಲ್ಲ, ಬೆಸೆದು ಮುಗಿಯುವವರೆಗೆ ಅವನ ಬೆನ್ನ ಹಿಂದೆಯೇ ನಿಂತಿರುತ್ತಿದ್ದಳು. ಒಂದು ದಿನ ತಡೆಯಲಾರದೆ, ‘ನೀನಾದ್ರೂ ಹೊರಗೆ ಬಾರಮ್ಮ’ ಎಂದು ಕರೆದೆ.

‘ಏನೂ ಇಲ್ಲ ಅಂತ ನಾನೇ ಏಳ್ಬುಟ್ಟು, ನಾನೇ ದೂರ ಓಗ್ಬುಟ್ರೆ, ಇವ್ರು ನಂಬ್ತಾರಾ ಅಣ್ಣ?’ ಎಂದಳು.